ತಂಗಿಗೆ ಯಾವ ಮೈಕು?

(ವಿಜಯಪುರದ ನಮ್ಮ ಮನೆಯವರ ಗುಂಪು)

ಸಣ್ಣ ಕಾಕಾ: ಈ ಫೋಟೋ ನೋಡಿರಿ. ಕಂಡೆನ್ಸರ್ ಮೈಕು, ಸ್ಟ್ಯಾಂಡು, ಗೋಡೆಗೆ ಫೋಮು, ಎಲ್ಲ ಒಂದೇ ಸೆಟ್ಟು. ಎಲ್ಲರೂ ದುಡ್ಡು ಹಾಕಿ ತಂಗಿಗೆ ಕೊಡಿಸೋಣ. ವಚನ ಮನೆಯಲ್ಲೇ ರೆಕಾರ್ಡ್ ಮಾಡಲಿ.

ನಾನು: ಕಾಕಾ, ದುಡ್ಡು ನಾನೂ ಹಾಕುತ್ತೇನೆ. ಈ ಸೆಟ್ಟು ಮಾತ್ರ ಬೇಡ. ಕಂಡೆನ್ಸರ್ ಬಹಳ ಸೂಕ್ಷ್ಮ. ಫ್ಯಾನು, ಕುಕ್ಕರ್ ಸೀಟಿ, ಓಣಿಯ ಗಾಡಿ, ಎಲ್ಲ ಹಿಡಿಯುತ್ತದೆ. ಅದಕ್ಕೆ 48 ವೋಲ್ಟ್ ಫ್ಯಾಂಟಮ್ ಪವರ್, ಅಂದರೆ ಕೇಬಲ್ಲಿನಲ್ಲೇ ಮೈಕಿಗೆ ಹೋಗುವ ಕರೆಂಟು, ಬೇರೆ ಬೇಕು. ಅದನ್ನು ಕೊಟ್ಟು ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಡಬ್ಬಿ, ಆಡಿಯೋ ಇಂಟರ್‌ಫೇಸೇ ಈ ಪಟ್ಟಿಯಲ್ಲಿಲ್ಲ.

ವೈನಿ: ಸ್ಟುಡಿಯೋದವರು ಕಂಡೆನ್ಸರ್‌ನಲ್ಲೇ ಹಾಡಿಸುತ್ತಾರಲ್ವಾ?

ನಾನು: ಅವರ ಕೋಣೆ ಹಾಗೆ ಕಟ್ಟಿರುತ್ತದೆ ವೈನಿ. ನಮ್ಮ ಪಡಸಾಲೆಯಲ್ಲಿ ಕೆಳಗೆ ಪರ್ಸಿ ಕಲ್ಲು, ಸುತ್ತ ಬರೀ ಗೋಡೆ. ಚಪ್ಪಾಳೆ ತಟ್ಟಿ ನೋಡಿರಿ, ಗೊಂಯ್ ಅನ್ನುತ್ತದೆ. ಗೋಳಗುಮ್ಮಟದಲ್ಲಿ ದನಿ ತಿರುಗಿ ಬಂದರೆ ಚೆಂದ. ರೆಕಾರ್ಡಿಂಗ್‌ನಲ್ಲಿ ಸೇರಿಕೊಂಡರೆ ಆಮೇಲೆ ತೆಗೆಯೋದು ಕಷ್ಟ.

ಸಣ್ಣ ಕಾಕಾ: ಅದಕ್ಕೇ ಫೋಮು ಇದೆಯಲ್ಲ!

ನಾನು: ತೆಳು ಫೋಮು ಅದು. ಬರೀ ಸಣ್ಣ ಚುರುಕು ಸದ್ದು ಹೀರುತ್ತದೆ, ಗುಂಯ್ ಅನ್ನೋದು ಉಳಿಯುತ್ತದೆ. ಮನೆಯಲ್ಲಿ ದಪ್ಪ ಕೌದಿ ಇವೆಯಲ್ಲ? ತಂಗಿಯ ಬೆನ್ನ ಹಿಂದೆ ಎರಡು, ಪಕ್ಕಕ್ಕೊಂದು, ಗೋಡೆಯಿಂದ ಗೇಣು ಬಿಟ್ಟು ಇಳಿಬಿಡೋಣ. ಮೈಕಿನ ಮುಖ ಅವಳ ಕಡೆ. ಹಾಗಾಗಿ ಅವಳ ಹಿಂದಿನ ಗೋಡೆಯಿಂದ ಬರುವ ಸದ್ದೇ ಅದಕ್ಕೆ ಜಾಸ್ತಿ ಬೀಳೋದು.

ದೊಡ್ಡವ್ವ: ಕೌದಿಗೆ ಮೊಳೆ ಹೊಡೆಯಬೇಡಿರಿ. ಹಗ್ಗ ಕಟ್ಟಿ ಹಾಕಿರಿ.

ತಂಗಿ: ಅಣ್ಣಾ, ಫೋನಿನಲ್ಲಿ ‘ಭಕ್ತಿ’ ಅಂದ ಕೂಡಲೇ ಭುಸ್ ಅಂತ ಗಾಳಿ ಬಡಿಯುತ್ತದೆ. ಅದಕ್ಕೇನು ಮಾಡಲಿ?

ನಾನು: ಪ, ಬ, ಭ ಬಂದಾಗ ಬಾಯಿಯ ಗಾಳಿ ನೇರ ಮೈಕಿಗೆ ಹೊಡೆಯುತ್ತದೆ. ಮೈಕಿನ ಮುಂದೆ ಆ ಗಾಳಿ ತಡೆಯುವ ಜಾಲರಿ, ಪಾಪ್ ಫಿಲ್ಟರ್, ಬೇಕೇ ಬೇಕು. ಮೈಕನ್ನು ತುಸು ಓರೆ ಇಟ್ಟುಕೊಂಡು ಹಾಡು.

ಸಣ್ಣ ಕಾಕಾ: ಹಾಗಾದರೆ ಏನೇನು ತರಬೇಕು, ಸರಿಯಾಗಿ ಹೇಳು.

ನಾನು: ಶೂರ್ ಎಸ್‌ಎಂ58 ತರಹದ ಡೈನಾಮಿಕ್ ಮೈಕು, ಕಂಡೆನ್ಸರಿನಷ್ಟು ಸೂಕ್ಷ್ಮ ಅಲ್ಲ. ವೇದಿಕೆ ಮೇಲೆ ಕಾಣುವ ದುಂಡು ಜಾಲರಿಯದ್ದು, 1966ರಿಂದ ಬರುತ್ತಿದೆ. ಜೊತೆಗೆ ಇಂಟರ್‌ಫೇಸು, ಎಕ್ಸ್‌ಎಲ್‌ಆರ್ ಎಂಬ ಮೈಕಿನ ಕೇಬಲ್ಲು, ಗಟ್ಟಿ ಸ್ಟ್ಯಾಂಡು, ಪಾಪ್ ಫಿಲ್ಟರ್, ಕಿವಿ ಪೂರಾ ಮುಚ್ಚುವ ವೈರಿನ ಹೆಡ್‌ಫೋನು. ಬ್ಲೂಟೂತ್ ಬೇಡ, ತಾಳ ತಡವಾಗಿ ಕೇಳಿಸುತ್ತದೆ. ರೆಕಾರ್ಡ್ ಮಾಡಲು ಆಡಾಸಿಟಿ ಸಾಫ್ಟ್‌ವೇರ್ ಸಾಕು, ಅದು ಪುಕ್ಕಟೆ.

ವೈನಿ: ಲ್ಯಾಪ್‌ಟಾಪ್ ನಮ್ಮದು ಕೊಡುತ್ತೇವೆ.

ಸಣ್ಣ ಕಾಕಾ: ಫೋಮು ಬಿಟ್ಟೆ. ಕಂಡೆನ್ಸರ್ ಮಾತ್ರ ನನಗಿನ್ನೂ ಮನಸ್ಸಿನಲ್ಲಿದೆ.

ನಾನು: ಆಗಲಿ ಕಾಕಾ. 48 ವೋಲ್ಟ್ ಗುಂಡಿ ಇರುವ ಇಂಟರ್‌ಫೇಸನ್ನೇ ತರೋಣ. ಕೋಣೆ ಹದಕ್ಕೆ ಬಂದ ಮೇಲೆ ಅದಕ್ಕೇ ಕಂಡೆನ್ಸರ್ ಹಾಕಬಹುದು.