ಎರಡು ‘ಹೌದು’ ಬಂದರೆ ಕಾಯಿಲೆಯೇ?

ಚಿಕ್ಕಮ್ಮ: ನಮ್ಮ ಕುಟುಂಬದ ಈ ಗುಂಪಿಗೆ ನಾನು ಹಾಕಿದ ಚಿತ್ರದಲ್ಲಿರುವುದು, ಆಹಾರ ಸೇವನೆಯ ಕಾಯಿಲೆಯ ಸುಳಿವು ಹುಡುಕುವ ಸ್ಕಾಫ್ ಪ್ರಶ್ನಾವಳಿಯ ಕನ್ನಡ ರೂಪ. ಐದೇ ಪ್ರಶ್ನೆಗಳಿವೆ. ಎರಡಕ್ಕೆ ‘ಹೌದು’ ಎಂದವರಿಗೆ ಆಹಾರ ಸೇವನೆಯ ಕಾಯಿಲೆ ಇದೆ ಎಂದು ಕೆಳಗೆ ಬರೆದಿದ್ದಾರೆ. ಮನೆಯ ಹೆಣ್ಣುಮಕ್ಕಳೆಲ್ಲ ಉತ್ತರಿಸಿ, ಅಂಕವನ್ನು ಇಲ್ಲಿಯೇ ತಿಳಿಸಬೇಕು.

ಅತ್ತಿಗೆ: ದಯವಿಟ್ಟು ಯಾರೂ ಅಂಕವನ್ನು ಇಲ್ಲಿ ಹಾಕಬೇಡಿ. ಸ್ಕಾಫ್ ಒಳ್ಳೆಯ ಸಾಧನವೇ. ಮಾರ್ಗನ್, ರೀಡ್ ಮತ್ತು ಲೇಸಿ 1999ರಲ್ಲಿ ಪ್ರಕಟಿಸಿದ ಲಂಡನ್ನಿನ ಅಧ್ಯಯನದಲ್ಲಿ, ಅನೊರೆಕ್ಸಿಯಾ (ತೂಕ ಏರುವ ಭಯದಿಂದ ಊಟ ಬಿಡುವ ಕಾಯಿಲೆ) ಅಥವಾ ಬುಲಿಮಿಯಾ (ಅತಿಯಾಗಿ ತಿಂದು ವಾಂತಿ ಮಾಡಿಕೊಳ್ಳುವಂಥ ಕಾಯಿಲೆ) ಇದೆಯೆಂದು ಮೊದಲೇ ಖಚಿತವಾಗಿದ್ದ 116 ಮಹಿಳೆಯರಲ್ಲಿ ಅದು ಒಬ್ಬರನ್ನೂ ಬಿಡದೆ ಗುರುತಿಸಿತ್ತು. ಕಾಯಿಲೆಯಿಲ್ಲದ 96 ಮಹಿಳೆಯರಲ್ಲಿ ಶೇ. 12.5ರಷ್ಟು ಮಂದಿಯನ್ನು ಮಾತ್ರ ತಪ್ಪಾಗಿ ಸೇರಿಸಿತ್ತು. ಆದರೆ ಆ ಲೆಕ್ಕ ಅಲ್ಲಿನ ಇಂಗ್ಲಿಷ್ ಪ್ರಶ್ನೆಗಳದ್ದು. ಈ ಚಿತ್ರವನ್ನು ಯಾರು ಅನುವಾದಿಸಿದರು, ಯಾವ ಮಹಿಳೆಯರಲ್ಲಿ ಪರೀಕ್ಷಿಸಿದರು ಎಂಬ ಒಂದು ಸಾಲೂ ಇದರಲ್ಲಿಲ್ಲ.

ದೊಡ್ಡಪ್ಪ: ಇವೆಲ್ಲ ಪಾಶ್ಚಾತ್ಯರ ಕಾಯಿಲೆಗಳು. ನಮ್ಮಲ್ಲಿ ಎಲ್ಲಿವೆ?

ಅತ್ತಿಗೆ: ಇವೆ, ದೊಡ್ಡಪ್ಪ. ಬೆಂಗಳೂರಿನ ಮನೋವೈದ್ಯರನ್ನು ಕೇಳಿ 2012ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಸುಮಾರು ಮೂರನೇ ಎರಡರಷ್ಟು ವೈದ್ಯರು ಇಂಥ ಒಬ್ಬ ರೋಗಿಯನ್ನಾದರೂ ನೋಡಿದ್ದಾಗಿ ಹೇಳಿದ್ದರು.

ಚಿಕ್ಕಮ್ಮ: ಹಾಗಿದ್ದ ಮೇಲೆ ನನ್ನ ಮಾತೇ ಸರಿಯಾಯಿತಲ್ಲ! ಹುಡುಗಿಯರು ಇಂಥದ್ದನ್ನು ತಾವಾಗಿ ಬಾಯಿ ಬಿಡುವುದಿಲ್ಲ. ಸಂಶೋಧಕರು ಪರೀಕ್ಷಿಸಿ ಮುಗಿಸುವವರೆಗೆ ಕೈಕಟ್ಟಿ ಕೂರುವ ಬದಲು, ಇರುವ ಸಾಧನವನ್ನು ಬಳಸಿದರೆ ನಷ್ಟವೇನು? ಇದರ ಕನ್ನಡದಲ್ಲಿ ನನಗೆ ಒಂದು ತಪ್ಪೂ ಕಾಣಲಿಲ್ಲ.

ಅತ್ತಿಗೆ: ವ್ಯಾಕರಣದಲ್ಲಿ ತಪ್ಪಿಲ್ಲ, ನಿಜ. ಐದನೆಯ ಪ್ರಶ್ನೆಯನ್ನು ನೋಡಿ: ‘ಆಹಾರವೇ ನಿಮ್ಮ ಜೀವನವನ್ನು ಆಳುತ್ತಿದೆಯೇ?’ ಬೆಳಗಿನ ತಿಂಡಿಯಿಂದ ರಾತ್ರಿಯ ಊಟದವರೆಗೆ ಎಂಟು ಜನರಿಗೆ ಅಡುಗೆ ಮಾಡುವ ನನ್ನ ಅಮ್ಮ ಇದಕ್ಕೆ ನಗುತ್ತಲೇ ‘ಹೌದು’ ಎನ್ನುತ್ತಾರೆ. ಮನೋವೈದ್ಯರಾದ ಮೈಕೇಲ್ ಕಿಂಗ್ ಮತ್ತು ದಿನೇಶ್ ಭೂಗ್ರ ಉತ್ತರ ಭಾರತದ ಶಾಲಾ ಬಾಲಕಿಯರಿಗೆ ಈಟ್ ಎಂಬ ಇನ್ನೊಂದು ಪ್ರಶ್ನಾವಳಿಯನ್ನು ಕೊಟ್ಟಾಗ ಶೇ. 29ರಷ್ಟು ಮಂದಿ ಅಪಾಯದ ಗೆರೆ ದಾಟಿದ್ದರು. ಉತ್ತರಗಳನ್ನು ಬಿಡಿಬಿಡಿಯಾಗಿ ನೋಡಿದಾಗ, ಪ್ರಶ್ನೆಗಳನ್ನು ಬೇರೆ ಅರ್ಥದಲ್ಲಿ ಗ್ರಹಿಸಿದ್ದು ಮತ್ತು ವ್ರತ-ಉಪವಾಸದಂತಹ ರೂಢಿಗಳೇ ಅಂಕವನ್ನು ಏರಿಸಿದ್ದವೆಂದು ಕಂಡುಬಂತು. ಅದು 1989ರ ಮಾತು. ಶ್ರಾವಣದಲ್ಲಿ ಈ ಚಿತ್ರ ಹರಿದಾಡಿದರೆ ಏನಾದೀತೆಂದು ಯೋಚಿಸಿ.

ಲಂಡನ್ ತಮ್ಮ: ಮೂರನೆಯ ಪ್ರಶ್ನೆಯ ಮೂಲದಲ್ಲಿ ಇರುವುದು ‘ಒಂದು ಸ್ಟೋನ್’ ತೂಕ, ಅಂದರೆ ಸುಮಾರು 6.35 ಕಿಲೋ. ಈ ಚಿತ್ರದಲ್ಲಿ ‘ತುಂಬಾ ತೂಕ ಇಳಿದಿದೆಯೇ’ ಎಂದಷ್ಟೇ ಇದೆ. ಮೂರು ತಿಂಗಳೆಂಬ ಅವಧಿಯೂ ಮಾಯ.

ಚಿಕ್ಕಮ್ಮ: ಅದನ್ನು ತಿದ್ದಿ ಹಾಕಿದರೆ ಸರಿಹೋಗುವುದಿಲ್ಲವೇ?

ಅತ್ತಿಗೆ: ಅಷ್ಟಕ್ಕೇ ಮುಗಿಯುವುದಿಲ್ಲ. ಮೊದಲು ಇಬ್ಬರು ಬೇರೆಬೇರೆಯಾಗಿ ಕನ್ನಡಕ್ಕೆ ತರಬೇಕು; ಮೂಲವನ್ನು ನೋಡದ ಮತ್ತೊಬ್ಬರು ಅದನ್ನು ಇಂಗ್ಲಿಷಿಗೆ ಹಿಂತಿರುಗಿಸಬೇಕು; ಕಲಬುರಗಿಯವರಿಗೂ ಮಂಗಳೂರಿನವರಿಗೂ ಒಂದೇ ಅರ್ಥ ಹೊಳೆಯುತ್ತದೆಯೇ ಎಂದು ಕೆಲವು ಮಹಿಳೆಯರೊಡನೆ ಕುಳಿತು ಕೇಳಬೇಕು. ಆಮೇಲೆ ಬರುವುದೇ ಮುಖ್ಯ ಹಂತ: ಪ್ರಶ್ನಾವಳಿಗೆ ಉತ್ತರಿಸಿದ ಅದೇ ಮಹಿಳೆಯರನ್ನು, ಅವರ ಅಂಕ ತಿಳಿಯದ ಮನೋವೈದ್ಯರು ಪ್ರತ್ಯೇಕವಾಗಿ ಸಂದರ್ಶಿಸಿ, ಎರಡೂ ಫಲಿತಾಂಶಗಳನ್ನು ತಾಳೆ ನೋಡಬೇಕು. ಗೆರೆ ಎರಡಕ್ಕೇ ನಿಲ್ಲಬೇಕೋ ಮೂರಕ್ಕೋ ಎಂಬುದನ್ನು ಆಗ ಮಾತ್ರ ಹೇಳಬಹುದು.

ದೊಡ್ಡಪ್ಪ: ಲಂಡನ್ನಿನ ಲೆಕ್ಕವೇ ಇಲ್ಲಿಗೂ ಹೊಂದಿತೆಂದು ಇಟ್ಟುಕೊಳ್ಳೋಣ. ಆಗ?

ಅತ್ತಿಗೆ: ಆಗಲೂ ತೊಡಕಿದೆ. ಸಾವಿರ ಮಹಿಳೆಯರಲ್ಲಿ 20 ಜನರಿಗೆ ಕಾಯಿಲೆ ಇದೆಯೆಂದು ಊಹಿಸಿದರೆ, ಆ 20 ಜನರೂ ಸಿಗುತ್ತಾರೆ. ಉಳಿದ 980 ಜನರಲ್ಲಿ ಶೇ. 12.5ರಷ್ಟು, ಅಂದರೆ ಸುಮಾರು 122 ಆರೋಗ್ಯವಂತರೂ ಅವರೊಡನೆ ಸೇರುತ್ತಾರೆ. ಗೆರೆ ದಾಟಿದ ಏಳು ಜನರಲ್ಲಿ ಸರಿಸುಮಾರು ಒಬ್ಬಳಿಗೆ ಮಾತ್ರ ಕಾಯಿಲೆ. ಇಂಥ ಮೊದಲ ಹಂತದ ಜರಡಿ (ಸ್ಕ್ರೀನಿಂಗ್) ಹೇಳುವುದು ‘ಇವಳೊಡನೆ ಇನ್ನಷ್ಟು ಮಾತಾಡಿ’ ಎಂದಷ್ಟೇ. ಈ ಚಿತ್ರ ತೀರ್ಪನ್ನೇ ಕೊಟ್ಟುಬಿಟ್ಟಿದೆ.

ಚಿಕ್ಕಮ್ಮ: ಹಾಗಾದರೆ ಕೆಳಗಿನ ಅಂಕದ ಸಾಲನ್ನು ತೆಗೆದುಹಾಕಿ, ತೂಕದ ಪ್ರಶ್ನೆಯನ್ನು ತಿದ್ದಿ, ಪ್ರಶ್ನೆಗಳನ್ನು ಮಾತ್ರ ತಾಯಂದಿರಿಗೆ ಕಳುಹಿಸುತ್ತೇನೆ. ಪ್ರಶ್ನೆಯನ್ನೇ ಕೇಳಬಾರದೆಂಬ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ.

ಅತ್ತಿಗೆ: ಕೇಳಬಾರದೆಂದು ನಾನೂ ಹೇಳಿಲ್ಲ. ಮಗಳು ಊಟವಾದ ಮೇಲೆ ಬಲವಂತವಾಗಿ ವಾಂತಿ ಮಾಡಿಕೊಳ್ಳುತ್ತಿದ್ದರೆ, ಅಂಕ ಎಷ್ಟೇ ಇರಲಿ, ವೈದ್ಯರ ಬಳಿಗೆ ಕರೆದೊಯ್ಯಬೇಕೆಂದು ಅಂಕದ ಸಾಲಿನ ಜಾಗದಲ್ಲಿ ಬರೆಯಿರಿ. ಉತ್ತರಗಳು ಮಾತ್ರ ಈ ಗುಂಪಿಗೆ ಬರುವುದು ಬೇಡ.