ಕರೆಂಟ್ ಹೋಗಿ ಡೆಬಿಯನ್‌ನ ಪ್ಯಾಕೇಜ್ ಪಟ್ಟಿಯೇ ಖಾಲಿ, ಏನು ಮಾಡಲಿ?

ತೀರ್ಥಹಳ್ಳಿಯಿಂದ:
ನಮಸ್ಕಾರ. ಅಡಿಕೆ ಲೆಕ್ಕ ಇಡುವ ಹಳೇ ಕಂಪ್ಯೂಟರ್‌ನಲ್ಲಿ ಡೆಬಿಯನ್ 12 (ಒಂದು ಬಗೆಯ ಲಿನಕ್ಸ್) ಇದೆ. ಮೊನ್ನೆ ಅಪ್‌ಡೇಟ್ ಓಡುತ್ತಿರುವಾಗಲೇ ಗಾಳಿಮಳೆಗೆ ಲೈನ್ ಮೇಲೆ ಮರ ಬಿತ್ತು, ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ಸತ್ತು ವರ್ಷವಾಗಿದೆ, ತಪ್ಪು ನನ್ನದೇ. ಈಗ ಸಿಸ್ಟಮ್ ಆನ್ ಆಗುತ್ತದೆ, ಲಿಬ್ರೆ ಆಫೀಸ್ ತೆರೆಯುತ್ತದೆ, ಗುಬ್ಬಿ ಫಾಂಟ್‌ನಲ್ಲಿ ಕನ್ನಡವೂ ಚೆನ್ನಾಗಿ ಕಾಣುತ್ತದೆ. ಆದರೆ ಯಾವ ಪ್ಯಾಕೇಜ್ (ಪ್ರೋಗ್ರಾಂನ ಕಟ್ಟು) ಹಾಕಿದೆ ಅಂತ ಲೆಕ್ಕ ಇಡುವ ಡಿಪಿಕೆಜಿಯನ್ನು ಕೇಳಿದರೆ ಒಂದು ಪ್ಯಾಕೇಜೂ ಇಲ್ಲ ಅನ್ನುತ್ತದೆ! ಸಣ್ಣದೊಂದು ಪ್ರೋಗ್ರಾಂ ಹಾಕಲು ಹೋದರೆ ಪ್ಯಾಕೇಜ್ ಇಳಿಸಿ ಹಾಕುವ ಆಪ್ಟ್ ನೂರಾರು ಪ್ಯಾಕೇಜ್ ಹೊಸದಾಗಿ ಇಳಿಸಲಾ ಅಂತ ಕೇಳುತ್ತಿದೆ. ಪೂರ್ತಿ ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡಲೇಬೇಕಾ?

ಸಾಗರದಿಂದ:
ಬೇಡ ಮಾರಾಯ್ರೆ, ಆಪ್ಟ್ ಕೇಳಿದ್ದಕ್ಕೆ ‘ಹೌದು’ ಮಾತ್ರ ಒತ್ತಬೇಡಿ. ಅಡಿಕೆ ಮೂಟೆ ಅಟ್ಟದಲ್ಲೇ ಇದೆ, ಲೆಕ್ಕದ ಪುಸ್ತಕ ಮಾತ್ರ ನೀರಿಗೆ ಬಿದ್ದಿದೆ. ಆ ಪುಸ್ತಕ ಅಂದರೆ /ವಾರ್/ಲಿಬ್/ಡಿಪಿಕೆಜಿ ಫೋಲ್ಡರಿನ ‘ಸ್ಟೇಟಸ್’ ಫೈಲ್. ಸೈಜ್ ನೋಡಿ, ಸೊನ್ನೆ ಇರುತ್ತದೆ, ಬೇಕಾದರೆ ಪಂಥ. ಮೊದಲು ಆ ಫೋಲ್ಡರನ್ನೂ /ವಾರ್/ಬ್ಯಾಕಪ್ಸ್ ಅನ್ನೂ ಪೆನ್‌ಡ್ರೈವಿಗೆ ಹಾಕಿಕೊಳ್ಳಿ. ಆಮೇಲೆ ಪಕ್ಕದಲ್ಲೇ ಇರುವ ‘ಸ್ಟೇಟಸ್-ಓಲ್ಡ್’ ನೋಡಿ. ಅದರಲ್ಲಿ ಮಾಲಿದ್ದರೆ ಅದನ್ನೇ ಸ್ಟೇಟಸ್ ಜಾಗಕ್ಕೆ ಕಾಪಿ ಮಾಡಿ.

ತೀರ್ಥಹಳ್ಳಿಯಿಂದ:
ಪಂಥ ಗೆದ್ದಿರಿ. ಆದರೆ ಓಲ್ಡ್ ಕೂಡ ಸೊನ್ನೆ. ಗಾಬರಿಯಲ್ಲಿ, ಅರ್ಧಕ್ಕೆ ನಿಂತ ಇನ್‌ಸ್ಟಾಲ್ ಮುಗಿಸುವ ‘ಡಿಪಿಕೆಜಿ --ಕಾನ್ಫಿಗರ್ -ಎ’ ಎರಡು ಸಲ ಓಡಿಸಿದ್ದೆ. ಬ್ಯಾಕಪ್ಸ್‌ನಲ್ಲಿ ‘ಡಿಪಿಕೆಜಿ.ಸ್ಟೇಟಸ್.0’ ಇದೆ, ಅದೂ ಖಾಲಿ.

ಸಾಗರದಿಂದ:
ಅದಕ್ಕೇ ಓಲ್ಡ್ ಹೋಗಿದ್ದು. ಡಿಪಿಕೆಜಿ ಸ್ಟೇಟಸ್ ಬರೆಯುವಾಗಲೆಲ್ಲ ಹಿಂದಿನದನ್ನು ಓಲ್ಡ್ ಮಾಡಿ ಇಡುತ್ತದೆ. ನಿಮ್ಮಲ್ಲಿ ಖಾಲಿಯ ಮೇಲೆ ಖಾಲಿ ಬಿತ್ತು. ಬ್ಯಾಕಪ್ ಕಥೆಯೂ ಅದೇ. ಸಿಸ್ಟಮ್ ದಿನಕ್ಕೊಂದು ಸಲ, ಏನಾದರೂ ಬದಲಾಗಿದ್ದರೆ ಮಾತ್ರ ಸ್ಟೇಟಸ್‌ನ ಹೊಸ ಪ್ರತಿ ತೆಗೆಯುತ್ತದೆ. ಖಾಲಿ ಫೈಲನ್ನೂ ಪಾಪ ನಿಯತ್ತಾಗಿ ಎತ್ತಿಟ್ಟಿದೆ! ಅದು ಏಳು ಪ್ರತಿ ಇಟ್ಟುಕೊಳ್ಳುತ್ತದೆ, ಹಾಗಾಗಿ ಇನ್ನೂ ಹಿಂದಕ್ಕೆ ಹೋಗಿ. ಕೊನೆಯಲ್ಲಿ ‘.1.ಜಿಝಡ್’ ಅಂತ ಇರುವ ಒತ್ತಿಟ್ಟ (ಜಿಪ್ ಮಾಡಿದ) ಫೈಲ್ ಇರುತ್ತದೆ. ಬಿಚ್ಚಿ ನೋಡಿ. ಒಂದೊಂದು ಪ್ಯಾಕೇಜಿನ ಹೆಸರು, ವರ್ಷನ್ ಸಾಲು ಸಾಲಾಗಿ ಇದ್ದರೆ ಅದನ್ನೇ ಸ್ಟೇಟಸ್ ಮಾಡಿ.

ಆ ಪ್ರತಿಯ ತಾರೀಖಿನ ನಂತರ ಏನೇನು ಹಾಕಿದಿರಿ ಅನ್ನುವುದು /ವಾರ್/ಲಾಗ್/ಡಿಪಿಕೆಜಿ.ಲಾಗ್‌ನಲ್ಲಿ ಸಿಗುತ್ತದೆ. ಆ ಹೆಸರುಗಳನ್ನು ಮಾತ್ರ ‘ಆಪ್ಟ್ ಇನ್‌ಸ್ಟಾಲ್ --ರೀಇನ್‌ಸ್ಟಾಲ್’ ಕೊಟ್ಟು ಮತ್ತೆ ಹಾಕಿ. ಕೊನೆಗೆ, ಪ್ಯಾಕೇಜ್‌ಗಳಲ್ಲಿ ತೊಂದರೆ ಉಳಿದಿದೆಯಾ ಅಂತ ಹುಡುಕುವ ‘ಡಿಪಿಕೆಜಿ --ಆಡಿಟ್’ ಓಡಿಸಿ. ಅದು ಏನೂ ಮಾತಾಡದಿದ್ದರೆ ಗೆದ್ದಿರಿ.

ಹೊಸನಗರದಿಂದ:
ಒಂದು ಬ್ಯಾಕಪ್ಪೂ ಇಲ್ಲದವರಿಗೆ: /ಯುಎಸ್ಆರ್/ಶೇರ್/ಡಾಕ್ ಒಳಗೆ ಪ್ಯಾಕೇಜ್‌ಗಳ ಹೆಸರಿನಲ್ಲೇ ಫೋಲ್ಡರ್ ಇರುತ್ತವೆ. ಅದೇ ನಿಮ್ಮ ಪಟ್ಟಿ. ಒಂದೊಂದನ್ನೂ ಮತ್ತೆ ಹಾಕೋದು ಬೇಜಾರಿನ ಕೆಲಸ, ಒಂದಿಡೀ ಮಧ್ಯಾಹ್ನ ಬೇಕು.

ತೀರ್ಥಹಳ್ಳಿಯಿಂದ:
‘.1’ರಲ್ಲಿ ಎಲ್ಲ ಸಿಕ್ಕಿತು! ಲಾಗ್‌ನಲ್ಲಿ ಆಮೇಲಿನ ಹನ್ನೊಂದು ಹೆಸರಿದ್ದವು. ನವಿಲು ಫಾಂಟ್ ಅವತ್ತೇ ಹಾಕಿದ್ದೆ, ಮರೆತೇಹೋಗಿತ್ತು. ಆಡಿಟ್ ಬಾಯಿ ಬಿಡಲಿಲ್ಲ. ಮೊದಲು ನೂರಾರು ಕೇಳುತ್ತಿದ್ದ ಆಪ್ಟ್ ಈಗ ಅದೇ ಪ್ರೋಗ್ರಾಂಗೆ ಎರಡೇ ಕೇಳುತ್ತಿದೆ. ಶಿವಮೊಗ್ಗದಿಂದ ಬ್ಯಾಟರಿ ತಂದ ಮೇಲೇ ಇನ್ನು ಅಪ್‌ಡೇಟ್.