ಕುಕ್ಕರ್ ಕೊಳ್ಳುವಾಗ ಗ್ರಾಹಕರ ವಿಮರ್ಶೆಗಳನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಪ್ರಶ್ನೆ

ತಿಪಟೂರಿನಲ್ಲಿರುವ ನನ್ನ ತಾಯಿಯವರಿಗೆ ಐದು ಲೀಟರಿನ ಪ್ರೆಷರ್ ಕುಕ್ಕರ್ ಒಂದನ್ನು ಆನ್‌ಲೈನ್‌ನಲ್ಲಿ ಕೊಂಡು ಕಳುಹಿಸಬೇಕಾಗಿದೆ. ಕಳೆದ ವರ್ಷ ನಾಲ್ಕೂವರೆ ನಕ್ಷತ್ರ ಮತ್ತು ಸಾವಿರಾರು ವಿಮರ್ಶೆಗಳಿದ್ದ ಕುಕ್ಕರನ್ನೇ ಆರಿಸಿ ತರಿಸಿದ್ದೆ. ಮೂರನೆಯ ವಾರಕ್ಕೇ ಮುಚ್ಚಳದ ಸುತ್ತ ಹಬೆ ಸೋರತೊಡಗಿತು. ಒಂದು ದಿನ ಬೇಳೆಕಟ್ಟು ಒಲೆಯ ತುಂಬ ಚಿಮ್ಮಿ ಅಮ್ಮ ಸ್ವಲ್ಪದರಲ್ಲಿ ಪಾರಾದರು. ಆಮೇಲೆ ಕುಳಿತು ಓದಿದಾಗ, ಆ ವಿಮರ್ಶೆಗಳಲ್ಲಿ ಎಷ್ಟೋ ಮೊಬೈಲ್ ಕವರಿನ ಬಗ್ಗೆ ಬರೆದವು ಎಂದು ತಿಳಿಯಿತು. ಇಷ್ಟಾದ ಮೇಲೂ ವಿಮರ್ಶೆಗಳನ್ನು ನೋಡಿ ಕೊಳ್ಳುವುದು ಸರಿಯೇ? ಅನುಭವವಿರುವವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ

ತಾಯಿಯವರಿಗೆ ಏನೂ ಆಗಲಿಲ್ಲವೆಂಬುದು ಸಮಾಧಾನದ ವಿಷಯ. ಕೆಲವು ಮಾರಾಟಗಾರರು ಚೆನ್ನಾಗಿ ಮಾರಾಟವಾದ ಹಳೆಯ ವಸ್ತುವಿನ ಪುಟದಲ್ಲಿ ಚಿತ್ರ ಮತ್ತು ಹೆಸರನ್ನು ಬದಲಿಸಿ, ಅದರ ನಕ್ಷತ್ರಗಳನ್ನು ಹೊಸ ವಸ್ತುವಿಗೆ ದಾಟಿಸಿಕೊಳ್ಳುತ್ತಾರೆ. ನಿಮಗೆ ಆಗಿರುವುದು ಬಹುಶಃ ಅದೇ. ಇನ್ನು ಕೆಲವರು ಐದು ನಕ್ಷತ್ರ ಕೊಟ್ಟರೆ ನೂರು ರೂಪಾಯಿ ಮರಳಿಸುತ್ತೇವೆಂಬ ಚೀಟಿಯನ್ನು ಡಬ್ಬಿಯೊಳಗೇ ಇಟ್ಟಿರುತ್ತಾರೆ.

ಆದ್ದರಿಂದ ನಾನು ಸರಾಸರಿ ಅಂಕವನ್ನು ನೋಡುವುದನ್ನೇ ಬಿಟ್ಟು, ವಿಮರ್ಶೆಗಳನ್ನು ದಿನಾಂಕದ ಕ್ರಮದಲ್ಲಿ ಇರಿಸಿ, ಎರಡು ಮತ್ತು ಮೂರು ನಕ್ಷತ್ರ ಕೊಟ್ಟವರ ಮಾತನ್ನು ಮೊದಲು ಓದುತ್ತೇನೆ. ಐದು ನಕ್ಷತ್ರದವರು ಬಹುಪಾಲು ಪಾರ್ಸೆಲ್ ಬಂದ ದಿನವೇ ಬರೆದಿರುತ್ತಾರೆ. ಆದರೆ ನಾಲ್ಕು ತಿಂಗಳು ಅನ್ನ ಸಾರು ಮಾಡಿದ ಮೇಲೆ ಗ್ಯಾಸ್ಕೆಟ್ ಸಡಿಲವಾಯಿತು, ಹಿಡಿಯ ಸ್ಕ್ರೂ ಅಲುಗುತ್ತದೆ, ಬದಲಿ ಗ್ಯಾಸ್ಕೆಟ್ ನಮ್ಮೂರಿನ ಪಾತ್ರೆ ಅಂಗಡಿಯಲ್ಲಿ ಸಿಗಲಿಲ್ಲ ಎಂದು ಬರೆಯುವವರು ನಿಜವಾಗಿ ಅಡುಗೆ ಮಾಡಿದವರು. ಒಂದೇ ದೂರು ಮೂರು ನಾಲ್ಕು ಜನರಿಂದ ಬೇರೆ ಬೇರೆ ತಿಂಗಳುಗಳಲ್ಲಿ ಬಂದಿದ್ದರೆ ಆ ವಸ್ತುವನ್ನು ಕೈಬಿಡುವುದೇ ಲೇಸು.

ಎರಡನೆಯ ಉತ್ತರ

ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ಕುಕ್ಕರಿನ ವಿಷಯದಲ್ಲಿ ಅಷ್ಟು ಸಾಲದು. ಗೃಹಬಳಕೆಯ ಪ್ರೆಷರ್ ಕುಕ್ಕರ್‌ಗಳಿಗೆ 2021ರ ಫೆಬ್ರವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಹಾಗಿದ್ದರೂ ಗುರುತಿಲ್ಲದವು ಆನ್‌ಲೈನ್‌ನಲ್ಲಿ ಮಾರಾಟವಾದವು. 2022ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಅಂತಹ 2,265 ಕುಕ್ಕರ್‌ಗಳನ್ನು ಹಿಂದಕ್ಕೆ ಪಡೆದು ಹಣ ಮರಳಿಸುವಂತೆ ಒಂದು ದೊಡ್ಡ ಮಾರಾಟ ತಾಣಕ್ಕೆ ಆದೇಶಿಸಿತು.

ವಿಮರ್ಶೆಗಳು ಇಲ್ಲಿಯೂ ನೆರವಿಗೆ ಬರುತ್ತವೆ. ಮಾರಾಟಗಾರರ ಚಿತ್ರಗಳಲ್ಲಿ ಕಾಣದ ಐಎಸ್‌ಐ ಗುರುತು ಗ್ರಾಹಕರು ಹಾಕಿದ ಫೋಟೋಗಳಲ್ಲಿ ಕಾಣಬಹುದು. ಗುರುತಿನ ಮೇಲೆ ಕುಕ್ಕರ್‌ಗಳ ಗುಣಮಟ್ಟದ ಮಾನಕದ ಸಂಖ್ಯೆಯಾದ ಐಎಸ್ 2347 ಎಂದೂ, ಕೆಳಗೆ ಸಿಎಂ/ಎಲ್ ಎಂದು ಆರಂಭವಾಗುವ ಪರವಾನಗಿ ಸಂಖ್ಯೆಯೂ ಇರಬೇಕು. ಆ ಸಂಖ್ಯೆಯನ್ನು, ಐಎಸ್‌ಐ ಗುರುತಿನ ಪರವಾನಗಿ ನೀಡುವ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ತಯಾರಕರ ಹೆಸರು ಮತ್ತು ಪರವಾನಗಿ ಚಾಲ್ತಿಯಲ್ಲಿದೆಯೇ ಎಂಬುದು ತಿಳಿಯುತ್ತದೆ.

ಸುಳ್ಳು ವಿಮರ್ಶೆಗಳ ಬಗ್ಗೆ ಒಂದು ಮಾತು: ಮಾರಾಟಗಾರನು ಗ್ರಾಹಕನ ವೇಷದಲ್ಲಿ ವಿಮರ್ಶೆ ಬರೆಯುವುದನ್ನು 2020ರ ಇ-ಕಾಮರ್ಸ್ ನಿಯಮಗಳು ನಿಷೇಧಿಸಿವೆ. ಹಣ ಕೊಟ್ಟು ಬರೆಸಿದ ವಿಮರ್ಶೆಗಳನ್ನು ಪ್ರಕಟಿಸಬಾರದೆನ್ನುವ ಐಎಸ್ 19000 ಮಾನಕವು 2022ರ ನವೆಂಬರ್‌ನಲ್ಲಿ ಬಂದಿತಾದರೂ, ಅದನ್ನು ಪಾಲಿಸುವುದನ್ನು ತಾಣಗಳ ಇಚ್ಛೆಗೆ ಬಿಡಲಾಯಿತು. ಮೊದಲ ದಿನದಿಂದಲೇ ಅದನ್ನು ಕಡ್ಡಾಯಗೊಳಿಸಬೇಕಿತ್ತು ಎಂಬುದು ನನ್ನ ದೃಢವಾದ ಅಭಿಪ್ರಾಯ. ಹಳೆಯ ಕುಕ್ಕರಿನ ದೂರನ್ನು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ನೀಡಿ.

ಮೂರನೆಯ ಉತ್ತರ

ತಾವು ಆ ಪುಟದಲ್ಲಿ ವಿಮರ್ಶೆ ಬರೆದಿದ್ದೀರಾ? ಬರೆಯದಿದ್ದರೆ ಇಂದೇ ಬರೆಯಿರಿ, ಕನ್ನಡದಲ್ಲಿಯೂ ಬರೆಯಿರಿ. ಸೋರುವ ಮುಚ್ಚಳದ ಫೋಟೋ ಜೊತೆಗಿದ್ದರೆ ಮುಂದೆ ಕೊಳ್ಳುವವರಿಗೆ ಅನುಮಾನವೇ ಉಳಿಯುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಕೊಳ್ಳಬೇಕೆಂದಿದ್ದ ಎರಡು ಕುಕ್ಕರ್‌ಗಳಲ್ಲಿ ಒಂದರ ಪುಟದಲ್ಲಿ ಗ್ರಾಹಕರೊಬ್ಬರು ತಳಭಾಗದ ಫೋಟೋ ಹಾಕಿದ್ದರು. ಅದರಲ್ಲಿದ್ದ ಸಂಖ್ಯೆಯನ್ನು ಆ್ಯಪ್‌ನಲ್ಲಿ ಹಾಕಿ ನೋಡಿದೆ. ತಯಾರಕರ ಹೆಸರು ಹೊಂದಿತು, ಪರವಾನಗಿಯೂ ಚಾಲ್ತಿಯಲ್ಲಿದೆ. ಇನ್ನೊಂದರ ಇನ್ನೂರಕ್ಕೂ ಹೆಚ್ಚು ವಿಮರ್ಶೆಗಳಲ್ಲಿ ಅಂತಹ ಫೋಟೋ ಒಂದೂ ಸಿಗಲಿಲ್ಲ, ಹಾಗಾಗಿ ಅದನ್ನು ಬಿಟ್ಟೆ. ಹಳೆಯ ಕುಕ್ಕರಿನ ಬಗ್ಗೆ ಈಗಷ್ಟೇ ಬರೆದು, ಮುಚ್ಚಳದ ಫೋಟೋ ಕಳುಹಿಸಲು ಅಮ್ಮನಿಗೆ ಹೇಳಿದ್ದೇನೆ.